ವಧುವಿಗೆ ಕಿವಿಮಾತು, ವರನಿಗೆ ಲೇಹ್ಯ

ಗಂಡಸರ ‘ಶಕ್ತಿ’ಯ ಔಷಧಿಗಳ ಬಗ್ಗೆ ಹೆಂಗಸೊಬ್ಬಳು ಬರೆಯುವುದು ಮರ್ಯಾದೆಯಲ್ಲ ಎನ್ನುವವರಿದ್ದಾರೆ. ಇರಲಿ. ಅದೇ ಔಷಧಿಗಳ ಜಾಹೀರಾತನ್ನು ಹೆಣ್ಣುಮಕ್ಕಳ ಹೈಸ್ಕೂಲಿನ ಕಾಂಪೌಂಡ್ ಗೋಡೆಯ ಮೇಲೆ ಆಳೆತ್ತರದ ಅಕ್ಷರಗಳಲ್ಲಿ ಬರೆಸಿದಾಗ ಯಾರ ಮರ್ಯಾದೆಯೂ ಹೋಗಲಿಲ್ಲವಲ್ಲ! ನರದೌರ್ಬಲ್ಯ, ಸ್ವಪ್ನಸ್ಖಲನ, ಧಾತುನಷ್ಟ, ಸಂತಾನಹೀನತೆ. ಕೆಳಗೆ ಒಂದು ಲಾಡ್ಜಿನ ಹೆಸರು, ರೂಮ್ ನಂಬರು, ತಿಂಗಳಿಗೊಮ್ಮೆ ಬಂದುಹೋಗುವ ‘ವಂಶಪಾರಂಪರ್ಯ ವೈದ್ಯರ’ ತಾರೀಖು. ಬಸ್ಸಿನ ಕಿಟಕಿಯಿಂದ ಗೋಡೆ ಬರಹ ಓದಿ ಕನ್ನಡ ರೂಢಿಸಿಕೊಂಡ ಮಕ್ಕಳಿಗೆಲ್ಲ ಈ ಪದಗಳು ‘ಅ ಆ ಇ ಈ’ಯಷ್ಟೇ ಪರಿಚಿತ. ಈಗ ಗೋಡೆಯ ಕೆಲಸವನ್ನು ಮೊಬೈಲು ಮಾಡುತ್ತಿದೆ. ನೀವು ಅಡುಗೆಯ ವಿಡಿಯೋ ನೋಡುತ್ತಿದ್ದರೆ ನಡುವೆ ಒಬ್ಬ ಗಡ್ಡದ ಮನುಷ್ಯ ಪ್ರತ್ಯಕ್ಷನಾಗಿ, ಹಿಮಾಲಯದ ಶಿಲಾಜಿತು ತಿಂದರೆ ಐವತ್ತರವರು ಇಪ್ಪತ್ತೈದರವರಾಗುತ್ತಾರೆ ಎಂದು ಹೇಳಿ ಹೋಗುತ್ತಾನೆ. ಅಷ್ಟರಲ್ಲಿ ಒಗ್ಗರಣೆ ಸೀದಿರುತ್ತದೆ.

ನಾನು ಇಪ್ಪತ್ತಾರು ವರ್ಷ ಬಸ್‌ಸ್ಟ್ಯಾಂಡ್ ರಸ್ತೆಯ ಔಷಧಿ ಅಂಗಡಿಯೊಂದರಲ್ಲಿ ಗಲ್ಲಾಪೆಟ್ಟಿಗೆಯ ಹಿಂದೆ ಕೂತವಳು. ಅಂಗಡಿ ನಮ್ಮದೇ. ಗಂಡಸರು ಬಂದು ನನ್ನನ್ನು ನೋಡಿ, ತಲೆನೋವಿನ ಮಾತ್ರೆ ಒಂದನ್ನು ಕೊಂಡು ಹೋಗುತ್ತಿದ್ದರು. ನಮ್ಮ ಯಜಮಾನರು ಬಂದಮೇಲೆ ಮತ್ತೆ ಬರುತ್ತಿದ್ದರು. ಹೆಂಗಸರು ಹಾಗಲ್ಲ. ಅವರು ಸೆರಗಿನಡಿಯಿಂದ ಡಬ್ಬಿಯೊಂದನ್ನು ತೆಗೆದು ನನ್ನ ಮುಂದಿಟ್ಟು ಕೇಳುತ್ತಿದ್ದರು: “ಅಕ್ಕಾ, ಇದನ್ನ ಹಾಲಲ್ಲಿ ಕಲಸ್ಬೇಕೋ, ಬಿಸಿನೀರಲ್ಲೋ? ಅವರಿಗೆ ಗೊತ್ತಾಗ್ದಂಗೆ ಹಾಕಿದ್ರೂ ಕೆಲಸ ಮಾಡ್ತದಾ?”

ಈ ಪ್ರಶ್ನೆಯೊಂದೇ ಸಾಕು. ಗಂಡಸರ ಗುಟ್ಟು ಎನ್ನುವುದು ಬರೀ ಗಂಡಸರದ್ದೂ ಅಲ್ಲ, ಗುಟ್ಟೂ ಅಲ್ಲ. ಆ ಡಬ್ಬಿಗೆ ಹೋದದ್ದು ಮನೆಖರ್ಚಿನ ದುಡ್ಡು, ಎಷ್ಟೋ ಸಲ ಚೀಟಿ ಎತ್ತಿದ ದುಡ್ಡು. ಅದನ್ನು ಕಲಸುವವಳು ಅವಳು. ಅದು ಕೆಲಸ ಮಾಡದಿದ್ದರೆ ‘ನಿನ್ನಲ್ಲಿ ಆಕರ್ಷಣೆ ಇಲ್ಲ’ ಎಂಬ ಮಾತು ಕೇಳುವವಳೂ ಅವಳೇ. ಅಪಾಯವಾದರೆ ಆಸ್ಪತ್ರೆಯ ಬೆಂಚಿನ ಮೇಲೆ ರಾತ್ರಿ ಕಳೆಯುವವಳು? ನೀವೇ ಹೇಳಿ. ಇಷ್ಟೆಲ್ಲ ಭಾಗ ಇದ್ದವಳಿಗೆ ಬಾಯಿ ಮಾತ್ರ ಇರಬಾರದು ಎನ್ನುವುದು ಯಾವ ನ್ಯಾಯ?

ನಮ್ಮ ಕಾಲದಲ್ಲಿ ಮದುವೆಯ ಹುಡುಗಿಗೆ ಡಾ. ಅನುಪಮಾ ನಿರಂಜನ ಅವರ ‘ವಧುವಿಗೆ ಕಿವಿಮಾತು’ ಉಡುಗೊರೆಯಾಗಿ ಬರುತ್ತಿತ್ತು. ವೈದ್ಯೆಯೊಬ್ಬರು ದೇಹದ ವಿಷಯವನ್ನು ಸಂಕೋಚವಿಲ್ಲದೆ, ಅಸಹ್ಯವೂ ಆಗದಂತೆ ಕನ್ನಡದಲ್ಲಿ ಹೇಳಬಹುದು ಎಂದು ತೋರಿಸಿಕೊಟ್ಟವರು ಅವರು. ಸರಿ, ವಧುವಿಗಾಯಿತು. ವರನಿಗೆ ಕಿವಿಮಾತು ಹೇಳಿದವರು ಯಾರು? ಅಪ್ಪ ಹೇಳಲಿಲ್ಲ, ಮೇಷ್ಟ್ರು ಆ ಪಾಠವನ್ನು ‘ಮನೆಯಲ್ಲಿ ಓದಿಕೊಳ್ಳಿ’ ಎಂದು ದಾಟಿಸಿದರು. ಉಳಿದದ್ದು ಆ ಗೋಡೆ! ನಮ್ಮ ಗಂಡಂದಿರ ಲೈಂಗಿಕ ಶಿಕ್ಷಣ ನಡೆದದ್ದು ಗೋಡೆಯ ಮೇಲಿನ ಸುಣ್ಣ-ನೀಲಿಯ ಅಕ್ಷರಗಳಲ್ಲಿ.

ಆ ಗೋಡೆ ಕಲಿಸಿದ ಮೊದಲ ಪಾಠ ಭಯ. ಅನ್ನ ರಸವಾಗಿ, ರಸ ರಕ್ತವಾಗಿ, ಹೀಗೆ ಏಳು ಧಾತುಗಳಲ್ಲಿ ಕೊನೆಯದು ಶುಕ್ರ ಎಂಬುದು ಹಳೆಯ ಶಾಸ್ತ್ರದ ಲೆಕ್ಕ. ಅದರ ಮೇಲೆ ಜನ ತಮ್ಮದೇ ಗಣಿತ ಕಟ್ಟಿದರು: ನಲವತ್ತು ಹನಿ ರಕ್ತ ಸೇರಿ ಒಂದು ಹನಿ ವೀರ್ಯ, ಒಂದು ಹನಿ ಹೋದರೆ ಅಷ್ಟು ರಕ್ತ ಹೋದಂತೆ. ಹದಿನೆಂಟರ ಹುಡುಗನಿಗೆ ನಿದ್ದೆಯಲ್ಲಿ ಸ್ಖಲನವಾಯಿತೆಂದರೆ ಅವನ ಪಾಲಿಗೆ ಪ್ರಾಣವೇ ಸೋರಿಹೋದಂತೆ. ಕಣ್ಣು ಗುಳಿಬಿದ್ದಿದೆ ಎಂದು ಕನ್ನಡಿ ನೋಡುತ್ತಾನೆ, ಊಟ ಸೇರದು, ಓದು ಹತ್ತದು. ಈ ಸಂಕಟಕ್ಕೆ ಮನೋವೈದ್ಯ ಪ್ರೊ. ಎನ್.ಎನ್. ವಿಗ್ ಅವರು 1960ರಲ್ಲೇ ‘ಧಾತ್ ಸಿಂಡ್ರೋಮ್’ ಎಂದು ಹೆಸರಿಟ್ಟರು. ರೋಗ ಇರುವುದು ಧಾತುವಿನಲ್ಲಲ್ಲ, ಭಯದಲ್ಲಿ. ವೀರ್ಯಾಣು ದೇಹದಲ್ಲಿ ದಿನವೂ ತಯಾರಾಗುತ್ತಲೇ ಇರುತ್ತದೆ. ಒಂದು ತಂಡ ಬೆಳೆದು ಬರಲು ಸುಮಾರು ಎರಡೂವರೆ ತಿಂಗಳು. ಹೊರಗೆ ಹೋಗದಿದ್ದದ್ದು ಒಳಗೇ ಕರಗಿ ಹೋಗುತ್ತದೆ. ಬಾವಿಯ ನೀರನ್ನು ಬೀಗ ಹಾಕಿ ಕೂಡಿಡುವುದಿಲ್ಲವಲ್ಲ, ಹಾಗೆ. ಇಷ್ಟನ್ನು ಮಗನಿಗೆ ಹೇಳಲು ಒಂದು ನಿಮಿಷ ಬೇಕು. ಹೇಳದಿದ್ದರೆ ಲಾಡ್ಜಿನ ವೈದ್ಯ ಹೇಳುತ್ತಾನೆ, ಅವನದೇ ರೀತಿಯಲ್ಲಿ, ಮುಂಗಡ ಹಣ ಎಣಿಸಿಕೊಂಡು.

ಇಲ್ಲಿ ಆಯುರ್ವೇದವನ್ನು ಬೈಯುವುದು ನನ್ನ ಉದ್ದೇಶವಲ್ಲ. ವಾಜೀಕರಣ ಆಯುರ್ವೇದದ ಎಂಟು ಅಂಗಗಳಲ್ಲಿ ಒಂದು, ಚರಕಸಂಹಿತೆಯಲ್ಲಿ ಅದಕ್ಕೆ ಒಂದು ಅಧ್ಯಾಯವೇ ಇದೆ. ಲಾಡ್ಜಿನ ವೈದ್ಯರು ಆ ಅಧ್ಯಾಯವನ್ನು ಓದಿದ್ದರೆ ಚೆನ್ನಾಗಿತ್ತು. ಮನಸ್ಸು ಹಿಡಿತದಲ್ಲಿರುವವನೇ ಇದನ್ನು ಬಯಸಬೇಕು ಎಂದು ಅಲ್ಲಿದೆ. ಎಲ್ಲ ವಾಜೀಕರಣಗಳಲ್ಲಿ ಶ್ರೇಷ್ಠವಾದದ್ದು ಒಲಿದ ಹೆಂಡತಿ ಎಂದೂ ಇದೆ. ಕೇಳಲು ಹಿತವಾಗಿದೆ. ಆದರೆ ಸ್ವಲ್ಪ ನಿಂತು ನೋಡಿ, ಅಲ್ಲೂ ಅವಳು ಔಷಧಿಯೇ ಹೊರತು ರೋಗಿಯಲ್ಲ, ಕೇಳುವವಳಲ್ಲ. ಎಂಟು ಅಂಗಗಳಲ್ಲಿ ಮಕ್ಕಳಿಗೊಂದು, ಮುಪ್ಪಿಗೊಂದು, ವಿಷಕ್ಕೊಂದು, ಗ್ರಹ ಹಿಡಿದವರಿಗೂ ಒಂದು ಇದೆ. ಗಂಡಸಿನ ಸಾಮರ್ಥ್ಯಕ್ಕೊಂದು ಇದೆ. ಹೆಣ್ಣಿನ ಸುಖಕ್ಕೆ ಇಲ್ಲ. ‘ವಾಜಿ’ ಎಂದರೆ ಕುದುರೆ. ಮನೆಯಲ್ಲಿ ಕುದುರೆ ಬೇಕೆಂದು ಯಾವ ಹೆಂಗಸು ಕೇಳಿದ್ದಳು? ನನ್ನ ಅಂಗಡಿಗೆ ಬಂದವರಲ್ಲಿ ಬಹಳ ಜನ ಕೇಳಿದ್ದು ಬೇರೆ: ಅವರು ಸ್ವಲ್ಪ ಮಾತಾಡಲಿ, ಕುಡಿದು ಹತ್ತಿರ ಬಾರದಿರಲಿ, ನನಗೂ ದಣಿವಾಗುತ್ತದೆ ಎಂದು ತಿಳಿಯಲಿ. ಇದಕ್ಕೆ ಯಾವ ಗ್ರಂಥಿಗೆ ಅಂಗಡಿಯಲ್ಲಿ ಚೂರ್ಣ ಸಿಗುತ್ತದೆ?

ಇನ್ನು ಆ ಗಿಡಮೂಲಿಕೆಗಳ ಮಾತಿಗೆ ಬರೋಣ. ಅಶ್ವಗಂಧ, ನಮ್ಮ ಕಡೆಯ ಹಿರೇಮದ್ದಿನ ಬೇರು. ಕೆಲವು ಡಜನ್ ಗಂಡಸರಿಗೆ ಎರಡು ಮೂರು ತಿಂಗಳು ಕೊಟ್ಟು ನೋಡಿದ ಸಣ್ಣ ಪ್ರಯೋಗಗಳಲ್ಲಿ ಟೆಸ್ಟೋಸ್ಟೆರಾನ್ ಹಾರ್ಮೋನು ಸ್ವಲ್ಪ ಏರಿದ್ದು ಕಂಡಿದೆ. ಇಲ್ಲವೆಂದು ನಾನು ಹೇಳುವುದಿಲ್ಲ. ಆದರೆ ಅದೇ ಬೇರನ್ನು ತಿಂದು ಲಿವರ್ ಕೆಟ್ಟು ಕಾಮಾಲೆಯಾದ ಪ್ರಕರಣಗಳೂ ವೈದ್ಯಪತ್ರಿಕೆಗಳಲ್ಲಿ ದಾಖಲಾಗಿವೆ. ಅದು ಥೈರಾಯ್ಡ್ ಹಾರ್ಮೋನನ್ನೂ ಏರುಪೇರು ಮಾಡಬಲ್ಲದು. 2023ರಲ್ಲಿ ಡೆನ್ಮಾರ್ಕ್ ದೇಶ ಅದನ್ನು ನಿಷೇಧಿಸಿತು. ನೆಗ್ಗಿನಮುಳ್ಳಿಗೆ ಎಷ್ಟು ಹೆಸರಿದೆಯೋ ಅಷ್ಟು ಗುಣವಿಲ್ಲ. ಆರೋಗ್ಯವಂತ ಗಂಡಸರ ಮೇಲೆ ನಡೆದ ಪ್ರಯೋಗಗಳಲ್ಲಿ ಅದು ಹಾರ್ಮೋನನ್ನು ಏರಿಸಿಲ್ಲ. ನಸುಗುನ್ನಿಯ ಬೀಜದಲ್ಲಿರುವುದು ಎಲ್-ಡೋಪಾ, ಪಾರ್ಕಿನ್ಸನ್ ಕಾಯಿಲೆಗೆ ಡಾಕ್ಟರು ಅಳೆದು ತೂಗಿ ಕೊಡುವ ಔಷಧಿಯೇ ಅದು. ಅದನ್ನು ಚಮಚದಲ್ಲಿ ಅಂದಾಜು ಮಾಡಿ ನುಂಗುವುದು ಹುಡುಗಾಟವಲ್ಲ. “ಗಿಡಮೂಲಿಕೆ ತಾನೆ, ಗುಣವಾಗದಿದ್ದರೂ ಕೆಡುಕಿಲ್ಲ” ಎನ್ನುವವರಿಗೆ ನನ್ನದು ಒಂದೇ ಮಾತು: ಉಮ್ಮತ್ತಿಯೂ ಗಿಡವೇ, ಕಣಗಿಲೆಯೂ ಗಿಡವೇ.

ಅದೂ ಡಬ್ಬಿಯೊಳಗೆ ಇರುವುದು ಬರೀ ಗಿಡವಾಗಿದ್ದರೆ! ‘ಒಂದೇ ಗಂಟೆಯಲ್ಲಿ ಪರಿಣಾಮ’ ಎಂದು ಬರೆದ ಚೂರ್ಣವನ್ನು ಕಂಡರೆ ನನಗೆ ಮೊದಲು ಬರುವ ಅನುಮಾನ ಬೇರೆ. ಬೇರು-ನಾರು ಒಂದು ಗಂಟೆಯಲ್ಲಿ ಕೆಲಸ ಮಾಡುವುದಿಲ್ಲ; ಸಿಲ್ಡೆನಾಫಿಲ್ ಮಾಡುತ್ತದೆ. ಅದೇ 1998ರಲ್ಲಿ ಅಮೆರಿಕದಲ್ಲಿ ‘ವಯಾಗ್ರ’ ಎಂಬ ಹೆಸರಿನಲ್ಲಿ ಮಾರಾಟಕ್ಕೆ ಬಂದ ನೀಲಿ ಮಾತ್ರೆ. ಅಮೆರಿಕದ ಔಷಧ ನಿಯಂತ್ರಣ ಇಲಾಖೆ 2007ರಿಂದ 2016ರವರೆಗೆ ಹಿಡಿದ ಕಲಬೆರಕೆಯ ‘ಪೂರಕ ಆಹಾರ’ಗಳು 776. ಅವುಗಳಲ್ಲಿ ಅರ್ಧಕ್ಕೆ ಸಮೀಪ ಇದೇ ಗಂಡಸರ ಶಕ್ತಿವರ್ಧಕಗಳು. ಅವುಗಳಲ್ಲಿ ಹೆಚ್ಚಾಗಿ ಸಿಕ್ಕಿದ್ದು, ಹೆಸರು ಹೇಳದೆ ಬೆರೆಸಿದ ಸಿಲ್ಡೆನಾಫಿಲ್. ಮೇಲೆ ಮೂಲಿಕೆಯ ಚಿತ್ರ, ಒಳಗೆ ಇಂಗ್ಲಿಷ್ ಮಾತ್ರೆಯ ಪುಡಿ. ಅದರಲ್ಲೇನು ತಪ್ಪು, ಕೆಲಸ ಆಯಿತಲ್ಲ ಎನ್ನುವಿರಾ? ಎದೆನೋವಿಗೆ ನಾಲಿಗೆಯಡಿ ಇಟ್ಟುಕೊಳ್ಳುವ ಸಾರ್ಬಿಟ್ರೇಟ್ ಮಾತ್ರೆ ಬಹಳ ಮನೆಗಳಲ್ಲಿದೆ. ಆ ಜಾತಿಯ ಮಾತ್ರೆ ತೆಗೆದುಕೊಳ್ಳುವವರು ಸಿಲ್ಡೆನಾಫಿಲ್ ನುಂಗಿದರೆ ರಕ್ತದೊತ್ತಡ ದಿಢೀರನೆ ಪಾತಾಳಕ್ಕಿಳಿಯುತ್ತದೆ, ಜೀವವೂ ಹೋಗಬಹುದು. ಡಾಕ್ಟರು ಬರೆದುಕೊಟ್ಟರೆ ಮೊದಲು ಕೇಳುವ ಪ್ರಶ್ನೆಯೇ ಅದು. ಡಬ್ಬಿ ಪ್ರಶ್ನೆ ಕೇಳುವುದಿಲ್ಲ.

ಭಸ್ಮಗಳದು ಇನ್ನೊಂದು ಕಥೆ. ಅಮೆರಿಕದ ಬಾಸ್ಟನ್ ಸುತ್ತಮುತ್ತಲ ಅಂಗಡಿಗಳಲ್ಲಿ ಮಾರುತ್ತಿದ್ದ, ನಮ್ಮ ಕಡೆಯಿಂದ ಹೋದ 70 ಆಯುರ್ವೇದ ಔಷಧಿಗಳನ್ನು ಪರೀಕ್ಷಿಸಿ 2004ರಲ್ಲಿ ವರದಿ ಮಾಡಿದರು. 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಇತ್ತು. ಐದರಲ್ಲಿ ಒಂದು! ಅಫೀಮು ಬೆರೆತ ಹಳೆಯ ಗುಳಿಗೆಗಳೂ ಇವೆ. ಅವುಗಳಿಂದ ಸ್ಖಲನ ತಡವಾಗುವುದು ನಿಜ. ಜೊತೆಗೆ ಚಟವೂ ಅಂಟುತ್ತದೆ.

ಇವೆಲ್ಲಕ್ಕಿಂತ ನನಗೆ ಸಿಟ್ಟು ಬರಿಸುವ ಸಂಗತಿ ಬೇರೆ ಇದೆ. ನಲವತ್ತು ದಾಟಿದ ಗಂಡಸಿಗೆ ನಿಮಿರುವಿಕೆ ಕಡಿಮೆಯಾಯಿತೆಂದರೆ ಅದು ಬರೀ ಮಂಚದ ಸುದ್ದಿಯಲ್ಲ, ರಕ್ತನಾಳಗಳ ಸುದ್ದಿ. ಆ ಅಂಗದ ರಕ್ತನಾಳಗಳು ಹೃದಯದ ನಾಳಗಳಿಗಿಂತ ಸಪೂರ. ಸಕ್ಕರೆ ಕಾಯಿಲೆ, ಬಿ.ಪಿ., ಬೀಡಿ-ಸಿಗರೇಟು, ಕೊಬ್ಬು ಇವುಗಳಿಂದ ನಾಳ ಕಟ್ಟಿಕೊಳ್ಳತೊಡಗಿದರೆ ಮೊದಲು ಸೋಲುವುದು ಸಪೂರದ್ದೇ. ಎದೆನೋವು ಬರುವುದಕ್ಕೆ ಎರಡು ಮೂರು ವರ್ಷ ಮುಂಚೆಯೇ ಇದು ಕಾಣಿಸಿಕೊಳ್ಳುವುದುಂಟು. ದೇಹ ಕೈಮುಗಿದು ಹೇಳುತ್ತಿದೆ, ಒಮ್ಮೆ ಹೃದಯ ನೋಡಿಸಿಕೋ, ಸಕ್ಕರೆ ನೋಡಿಸಿಕೋ ಎಂದು. ನಮ್ಮವರು ಏನು ಮಾಡುತ್ತಾರೆ? ಲೇಹ್ಯ ತಿನ್ನುತ್ತಾರೆ. ಲೇಹ್ಯವೆಂದರೆ ಏನು? ಬೆಲ್ಲ ಅಥವಾ ಸಕ್ಕರೆಯ ಪಾಕ, ತುಪ್ಪ, ಅದರೊಳಗೆ ಒಂದಿಷ್ಟು ಚೂರ್ಣ! ಹೀಗೆ ಒಂದೂವರೆ ವರ್ಷ ಹೊತ್ತಿಗೆ ಎರಡು ಚಮಚದಂತೆ ಲೇಹ್ಯ ತಿಂದವರೊಬ್ಬರ ಹೆಂಡತಿ ನನಗೆ ಪರಿಚಿತಳು. ಕಾಲಿನ ಗಾಯ ಮಾಯದೆ ಹೋದಾಗ ರಕ್ತ ಪರೀಕ್ಷೆ ಮಾಡಿಸಿದರು. ಬರಿಹೊಟ್ಟೆಯ ಸಕ್ಕರೆ 280 ಇತ್ತು. ಒಂದು ಬೆರಳು ಹೋಯಿತು. ಅವರಿಗೆ ‘ನರದೌರ್ಬಲ್ಯ’ ಎಂದು ಹೇಳಿ ಹಣ ತೆಗೆದುಕೊಂಡವನು ಒಂದು ಸಲವಾದರೂ ಸಕ್ಕರೆ ಪರೀಕ್ಷೆ ಮಾಡಿಸಿ ಎಂದಿದ್ದರೆ ಆ ಬೆರಳು ಉಳಿಯುತ್ತಿತ್ತೇನೋ. ಅವನು ಹೇಳುವುದಿಲ್ಲ. ಕಾರಣ ತಿಳಿದರೆ ಗಿರಾಕಿ ಕೈತಪ್ಪುತ್ತಾನೆ.

ಹಾರ್ಮೋನಿನ ಮಾತು ಈಗ ಹೊಸ ಫ್ಯಾಷನ್ನು. ವಯಸ್ಸಾದಂತೆ ಟೆಸ್ಟೋಸ್ಟೆರಾನ್ ವರ್ಷಕ್ಕೆ ನೂರಕ್ಕೆ ಒಂದರಂತೆ ನಿಧಾನವಾಗಿ ಇಳಿಯುವುದು ಸಹಜ, ನಮ್ಮ ಮುಟ್ಟು ನಿಲ್ಲುವ ಹಾಗೆ ಧುತ್ತೆಂದು ನಿಲ್ಲುವುದಲ್ಲ. ನಿಜವಾಗಿ ಕಡಿಮೆಯಿದೆಯೇ ಎಂದು ತಿಳಿಯಲು ಬೆಳಗಿನ ಹೊತ್ತು ರಕ್ತ ಕೊಟ್ಟು ನೋಡಬೇಕು, ಒಂದಕ್ಕಿಂತ ಹೆಚ್ಚು ಸಲ. ಹೊಟ್ಟೆಯ ಬೊಜ್ಜು, ಗೊರಕೆಯ ನಿದ್ದೆ, ಕುಡಿತ ಇವು ಅದನ್ನು ಇಳಿಸುತ್ತವೆ. ಖಿನ್ನತೆಯ ಕೆಲವು ಮಾತ್ರೆಗಳು, ಬಿ.ಪಿ.ಯ ಕೆಲವು ಮಾತ್ರೆಗಳು ಹಾರ್ಮೋನು ಸರಿಯಿದ್ದರೂ ಆಸೆಯನ್ನು ತಗ್ಗಿಸುವುದುಂಟು; ಡಾಕ್ಟರಿಗೆ ಹೇಳಿದರೆ ಬೇರೆ ಮಾತ್ರೆ ಬರೆಯುತ್ತಾರೆ. ಇನ್ನು ಜಿಮ್ಮಿಗೆ ಹೋಗುವ ಹುಡುಗರ ತಾಯಂದಿರಿಗೆ ಒಂದು ಮಾತು. ತೋಳು ದಪ್ಪವಾಗಲೆಂದು ಚುಚ್ಚಿಸಿಕೊಳ್ಳುವ ಟೆಸ್ಟೋಸ್ಟೆರಾನ್ ಇಂಜೆಕ್ಷನ್ನು ವೀರ್ಯಾಣು ತಯಾರಿಕೆಯನ್ನೇ ನಿಲ್ಲಿಸಿಬಿಡಬಹುದು. ಹೊರಗಿನಿಂದ ಬಂದರೆ ನಾನೇಕೆ ದುಡಿಯಲಿ ಎಂದು ದೇಹ ಕೈಕಟ್ಟಿ ಕೂರುತ್ತದೆ. ಸೊಸೆ ಬಂದಮೇಲೆ ಅವಳನ್ನು ಗರ್ಭಕೋಶದ ಡಾಕ್ಟರ ಬಳಿ ಅಟ್ಟಬೇಡಿ.

ಅಟ್ಟುವುದೇ ರೂಢಿ. ಮಕ್ಕಳಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಮಂದಿಯಲ್ಲಿ ಗಂಡಸಿನ ಕಡೆಯ ಕಾರಣವೂ ಇರುತ್ತದೆ, ಅವನೊಬ್ಬನದೇ ಆಗಿಯೋ ಇಬ್ಬರದೂ ಸೇರಿಯೋ. ಆದರೂ ಮೊದಲು ಮೇಜಿನ ಮೇಲೆ ಮಲಗುವವಳು ಹೆಂಡತಿ. ಸ್ಕ್ಯಾನಿಂಗು, ಡಿ ಅಂಡ್ ಸಿ, ಗರ್ಭನಾಳಕ್ಕೆ ಬಣ್ಣದ ದ್ರವ ಬಿಟ್ಟು ತೆಗೆಯುವ ಎಕ್ಸ್‌ರೇ... ಆ ನೋವು ಉಂಡವರಿಗೇ ಗೊತ್ತು. ಗಂಡ ಒಂದು ಸಣ್ಣ ಬಾಟಲಿಯಲ್ಲಿ ವೀರ್ಯ ಕೊಡಬೇಕು, ಸೂಜಿ ಕೂಡ ಚುಚ್ಚುವುದಿಲ್ಲ. ಅದಕ್ಕೆ ಮಾತ್ರ ‘ನಮ್ಮ ವಂಶದಲ್ಲಿ ಅಂಥದ್ದಿಲ್ಲ’ ಎಂಬ ಉತ್ತರ. ನಮ್ಮ ಭಾಷೆಯನ್ನೇ ನೋಡಿ, ‘ಬಂಜೆ’ ಎಂಬ ಪದಕ್ಕೆ ಆಡುಮಾತಿನಲ್ಲಿ ಪುಲ್ಲಿಂಗವಿಲ್ಲ. ಶತಾವರಿಗೆ ‘ಹಲವು ಮಕ್ಕಳ ತಾಯಿ ಬೇರು’ ಎನ್ನುತ್ತಾರೆ, ಬೇರಿಗೂ ತಾಯಿಯದೇ ಹೊಣೆ! ಅಷ್ಟರಲ್ಲಿ ಅತ್ತೆ ತರಿಸಿದ ಚೂರ್ಣವನ್ನು ಗಂಡ ಗುಟ್ಟಾಗಿ ತಿನ್ನುತ್ತಿರುತ್ತಾನೆ. ಆರು ತಿಂಗಳು ನೋಡೋಣ, ಇನ್ನೊಂದು ವರ್ಷ ನೋಡೋಣ. ವೃಷಣದ ರಕ್ತನಾಳ ಉಬ್ಬಿಕೊಂಡಿದ್ದರೆ ಅದನ್ನು ಯಾವ ಚೂರ್ಣವೂ ಇಳಿಸುವುದಿಲ್ಲ. ಕಾಯುತ್ತ ಕಾಯುತ್ತ ವಯಸ್ಸು ಜಾರುವುದು ಅವಳದು. ಮೂವತ್ತೈದು ದಾಟಿದ ಮೇಲೆ ಹೆಣ್ಣಿನ ಅಂಡಾಣುಗಳು ಯಾರ ಸಂಕೋಚಕ್ಕೂ ಕಾಯುವುದಿಲ್ಲ.

ಇದೇ ‘ಗಂಡಸ್ತನ’ದ ಭಯದ ಇನ್ನೊಂದು ಲೆಕ್ಕ ಕೇಳಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ವಿವಾಹಿತ ಮಹಿಳೆಯರಲ್ಲಿ ಗರ್ಭನಿರೋಧಕ್ಕೆ ತಾವೇ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು ನೂರಕ್ಕೆ 37.9, ಗಂಡ ಮಾಡಿಸಿಕೊಂಡದ್ದು 0.3. ಗಂಡಸರ ಆಪರೇಷನ್ನು ಸುಲಭ, ಹೊಟ್ಟೆ ಕೊಯ್ಯಬೇಕಿಲ್ಲ. ಹಾರ್ಮೋನಿಗೂ ಆಸೆಗೂ ಅದರಿಂದ ಏನೂ ಆಗುವುದಿಲ್ಲ. ಆದರೂ ‘ಶಕ್ತಿ ಹೋಗುತ್ತದೆ.’ ನಮ್ಮ ಹೊಟ್ಟೆಯ ಮೇಲಿನ ಹೊಲಿಗೆಗಳಿಗೆ ಆ ಗೋಡೆ ಬರಹವೂ ಒಂದು ಕಾರಣ.

ಕಾನೂನಿಲ್ಲವೇ ಎಂದು ಕೇಳುತ್ತೀರಿ. 1954ರಲ್ಲೇ ಸಂಸತ್ತು ಆಕ್ಷೇಪಾರ್ಹ ಔಷಧಿ ಜಾಹೀರಾತುಗಳ ವಿರುದ್ಧ ಕಾಯಿದೆ ಮಾಡಿತು. ಲೈಂಗಿಕ ಸುಖದ ಸಾಮರ್ಥ್ಯ ಹೆಚ್ಚಿಸುತ್ತೇವೆ ಎಂದು ಔಷಧಿಯ ಜಾಹೀರಾತು ಹಾಕುವುದನ್ನೇ ಅದು ನಿಷೇಧಿಸಿದೆ. ಅದಾಗಿ ಎಪ್ಪತ್ತು ವರ್ಷ ಕಳೆದರೂ ಗೋಡೆಗಳು ಹಾಗೆಯೇ ಇವೆ. 2025ರ ನವೆಂಬರಿನಲ್ಲಿ ಬೆಂಗಳೂರಿನ ಸಾಫ್ಟ್‌ವೇರ್ ನೌಕರನೊಬ್ಬ ಪೊಲೀಸರಿಗೆ ಕೊಟ್ಟ ದೂರು ಪತ್ರಿಕೆಗಳಲ್ಲಿ ಬಂತು. ರಸ್ತೆಬದಿಯ ಟೆಂಟಿನಲ್ಲಿ ಲೈಂಗಿಕ ಸಮಸ್ಯೆಗೆ ಮೂಲಿಕೆ ಕೊಡುತ್ತೇನೆಂದವನ ಮಾತು ನಂಬಿ, ಸಾಲ ಮಾಡಿ ಸುಮಾರು 48 ಲಕ್ಷ ರೂಪಾಯಿ ಕಳೆದುಕೊಂಡೆ, ಮೂತ್ರಪಿಂಡಕ್ಕೂ ತೊಂದರೆಯಾಯಿತು ಎಂದು ಅದರಲ್ಲಿತ್ತು. ಓದಿದವರೆಲ್ಲ ನಕ್ಕರು. ಇಷ್ಟು ಓದಿದವನು ಇಷ್ಟು ಪೆದ್ದನೇ ಎಂದರು. ನನಗೆ ನಗು ಬರಲಿಲ್ಲ. ಅವನು ಪೆದ್ದನಲ್ಲ, ನಾಚಿಕೆಪಟ್ಟವನು. ನಾಚಿಕೆಗೆ ಡಿಗ್ರಿಯ ಹಂಗಿಲ್ಲ. ಆ ಟೆಂಟಿನವನು ಮಾರುವುದು ಬೇರನ್ನಲ್ಲ, ಈ ನಾಚಿಕೆಯನ್ನು. ಮೋಸಹೋದವನು ದೂರು ಕೊಡಲಾರ ಎಂಬ ಧೈರ್ಯದ ಮೇಲೆಯೇ ಅವನ ಅಂಗಡಿ ನಿಂತಿದೆ. ದೂರು ಕೊಟ್ಟ ಹುಡುಗನನ್ನು ನಾವು ನಕ್ಕು ಕಳಿಸಿದರೆ ಮುಂದಿನವನು ಬಾಯಿಬಿಡುತ್ತಾನೆಯೇ?

ಹಾಗೆಂದು ಗಂಡನನ್ನು ಹೀಯಾಳಿಸಿ ಎಂದು ನಾನು ಹೇಳುತ್ತಿಲ್ಲ. ಆ ಹೊತ್ತಿನಲ್ಲಿ ಆಡಿದ ಒಂದು ಕುಹಕದ ಮಾತು ಹತ್ತು ಡಬ್ಬಿ ಲೇಹ್ಯ ಮಾರಿಸುತ್ತದೆ. ಅವರಿಗೆ ಗೊತ್ತಾಗದಂತೆ ಹಾಲಿನಲ್ಲಿ ಕಲಸುವುದೂ ಬೇಡ. ನಾಳೆ ನಮಗೆ ಗೊತ್ತಾಗದಂತೆ ಯಾರಾದರೂ ಏನಾದರೂ ಕಲಸಿದರೆ ಸುಮ್ಮನಿರುತ್ತೇವೆಯೇ? ಹಗಲು ಹೊತ್ತಿನಲ್ಲಿ, ಮಕ್ಕಳು ಸ್ಕೂಲಿಗೆ ಹೋದ ಮೇಲೆ, ಬೆಲೆ ಕಟ್ಟುವ ದನಿಯಲ್ಲಲ್ಲ, ಜ್ವರದ ಬಗ್ಗೆ ಮಾತಾಡುವ ದನಿಯಲ್ಲಿ ಕೇಳಿ: ಸಕ್ಕರೆ ನೋಡಿಸಿ ಎಷ್ಟು ದಿನವಾಯಿತು? ಮೂವತ್ತು ದಾಟಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಸಕ್ಕರೆಯನ್ನೂ ಬಿ.ಪಿ.ಯನ್ನೂ ಪುಕ್ಕಟೆಯಾಗಿ ನೋಡುತ್ತಾರೆ. ಆಯುರ್ವೇದದ ಮೇಲೇ ನಂಬಿಕೆಯಿದ್ದರೆ ಓದಿ ಡಿಗ್ರಿ ಪಡೆದ, ಬೋರ್ಡು ಹಾಕಿ ಊರಿನಲ್ಲೇ ಕೂತಿರುವ ವೈದ್ಯರ ಬಳಿ ಹೋಗಿ, ಬಿಲ್ ಕೇಳಿ. ತಿಂಗಳಿಗೊಮ್ಮೆ ಲಾಡ್ಜಿಗೆ ಬರುವವನು ಬಿಲ್ ಕೊಡುವುದಿಲ್ಲ. ಮಕ್ಕಳಾಗಿಲ್ಲವೆಂದರೆ ಇಬ್ಬರ ಪರೀಕ್ಷೆಯೂ ಒಂದೇ ದಿನ ಶುರುವಾಗಲಿ. ವೀರ್ಯ ಪರೀಕ್ಷೆಗೆ ಮುಂಚೆ ಎರಡರಿಂದ ಏಳು ದಿನ ಸ್ಖಲನವಾಗಿರಬಾರದು. ಲ್ಯಾಬಿನಲ್ಲಿ ಸಂಕೋಚವಾದರೆ ಮನೆಯಲ್ಲೇ ತೆಗೆದು, ಲ್ಯಾಬಿನವರೇ ಕೊಟ್ಟ ಬಾಟಲಿಯಲ್ಲಿ, ಅಂಗಿಯ ಒಳಜೇಬಿನಲ್ಲಿ ಬೆಚ್ಚಗಿಟ್ಟುಕೊಂಡು ಒಂದು ಗಂಟೆಯೊಳಗೆ ತಲುಪಿಸಿದರೂ ಆಗುತ್ತದೆ. ಇದಕ್ಕೆ ತಗಲುವುದು ಕೆಲವು ನೂರು ರೂಪಾಯಿ. ನಮ್ಮ ಅಂಗಡಿಯಲ್ಲಿ ಮಾರುತ್ತಿದ್ದ ದೊಡ್ಡ ಡಬ್ಬಿಯ ಲೇಹ್ಯಕ್ಕೆ ಅದಕ್ಕಿಂತ ಹೆಚ್ಚು ಬೆಲೆಯಿತ್ತು.